ಜನಜಂಗುಳಿಯಲ್ಲಿ ಬಾಂಬ್ ಸ್ಫೋಟವಾದರೆ ಸಣ್ಣ ಆಸ್ಪತ್ರೆಯಲ್ಲಿ ಏನೇನು ತಯಾರಿರಬೇಕು?

ಬನ್ನಿಮಂಟಪ_ಸಿಸ್ಟರ್:
ನಮ್ಮದು ಮೈಸೂರಿನಲ್ಲಿ 30 ಹಾಸಿಗೆಯ ನರ್ಸಿಂಗ್ ಹೋಂ. ದಸರಾಕ್ಕೆ ಮುಂಚೆ ತುರ್ತು ಸಾಮಾನಿನ ಪಟ್ಟಿ ಮಾಡಬೇಕು. 2016ರ ಆಗಸ್ಟ್‌ನಲ್ಲಿ ಇಲ್ಲಿನ ಕೋರ್ಟ್ ಆವರಣದ ಶೌಚಾಲಯದಲ್ಲಿ ಸ್ಫೋಟವಾದಾಗ ದೊಡ್ಡ ಅನಾಹುತ ತಪ್ಪಿತ್ತು. ಜಂಬೂಸವಾರಿ ಜನದ ನಡುವೆ ಅಂಥದ್ದಾಗಿ ಮೂವತ್ತು ನಲವತ್ತು ಜನ ಒಟ್ಟಿಗೇ ಬಂದರೆ? ಡ್ರೆಸ್ಸಿಂಗ್, ಐವಿ ಫ್ಲೂಯಿಡ್ ಇದೆ. ಇನ್ನೇನು ಬೇಕು, ಯಾರನ್ನು ಮೊದಲು ನೋಡಬೇಕು?

ಕಾವೇರಿತೀರ:
ಮೊದಲು ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ, ಕಡ್ಡಿ ಇರುವ ಪಟ್ಟಿ) ತರಿಸಿ ಮೇಡಂ. ಬದುಕಿಸಬಹುದಾಗಿದ್ದವರು ಸಾಯುವುದು ಹೆಚ್ಚಾಗಿ ರಕ್ತ ಹೋಗಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದಿಂದ 5-7 ಸೆಂ.ಮೀ. ಮೇಲೆ, ಕೀಲು ಬಿಟ್ಟು ಕಟ್ಟಿ, ರಕ್ತ ನಿಲ್ಲುವವರೆಗೂ ಕಡ್ಡಿ ತಿರುಗಿಸಿ. ಅರೆಬಿಗಿಯಾದರೆ ಸಿರೆ ಮುಚ್ಚುತ್ತೆ, ಅಪಧಮನಿ ಮುಚ್ಚಲ್ಲ. ರಕ್ತ ಇನ್ನೂ ಜಾಸ್ತಿ ಹೋಗುತ್ತೆ. ನಿಲ್ಲದಿದ್ದರೆ ಬಿಚ್ಚಬೇಡಿ, ಅದರ ಮೇಲ್ಗಡೆ ಇನ್ನೊಂದು ಕಟ್ಟಿ. ಕಟ್ಟಿದ ಸಮಯವನ್ನು ಹಣೆಯ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ, 2 ಗಂಟೆಯೊಳಗೆ ಸರ್ಜನ್ ಕೈಗೆ ಸೇರಬೇಕು.

ತೊಡೆಸಂದು, ಕಂಕುಳಲ್ಲಿ ಅದು ಕೂರಲ್ಲ. ಅಲ್ಲಿ ರೋಲ್ ಗಾಜ್ ಬಟ್ಟೆಯನ್ನು ಗಾಯದ ತಳದವರೆಗೂ ಬೆರಳಿನಿಂದ ತುರುಕಿ, ಎರಡೂ ಕೈಯಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತೆ.

ಬನ್ನಿಮಂಟಪ_ಸಿಸ್ಟರ್:
ಟೂರ್ನಿಕೆಟ್ ಬದಲು ಬಿಪಿ ಕಫ್ ಬಳಸಬಹುದಾ ಸರ್?

ಕಾವೇರಿತೀರ:
ತಾತ್ಕಾಲಿಕಕ್ಕೆ ಆಗುತ್ತೆ. ಒತ್ತಡವನ್ನು 250 mmHgಗೆ ಏರಿಸಿ ಟ್ಯೂಬ್‌ಗೆ ಕ್ಲ್ಯಾಂಪ್ ಹಾಕಿ. ಗಾಳಿ ಸೋರುತ್ತೆ, ವೆಲ್ಕ್ರೋ ಜಾರುತ್ತೆ, ಅದಕ್ಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಗೇಟ್_ಟ್ರಯಾಜ್:
ಸಾಮಾನಿಗಿಂತ ಬಾಗಿಲು ಮುಖ್ಯ. ಮೊದಲು ಬರುವವರು ಆಟೊ, ಬೈಕ್ ಹತ್ತಿ ಬರುವ ಸಣ್ಣ ಗಾಯದವರು. ಅವರೇ ಹಾಸಿಗೆ ತುಂಬಿಬಿಟ್ಟರೆ ಆಮೇಲೆ ಬರುವ ಗಂಭೀರ ಗಾಯಾಳುಗಳಿಗೆ ಜಾಗವೇ ಇರಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಒಂದೇ ಆಸ್ಪತ್ರೆಗೆ 300ಕ್ಕೂ ಹೆಚ್ಚು ಮಂದಿ ಬಂದರು. ತೀರಾ ಗಂಭೀರವಾಗಿದ್ದವರು ಅದರಲ್ಲಿ ಸಣ್ಣ ಪಾಲು.

ಒಬ್ಬ ಅನುಭವಿ ಗೇಟಲ್ಲೇ ನಿಲ್ಲಲಿ. ನಡೆಯುವವರಿಗೆ ಹಸಿರು ಪಟ್ಟಿ, ಬೇರೆ ಹಾಲ್. ಉಸಿರು ನಿಮಿಷಕ್ಕೆ 30 ದಾಟಿದೆ, ಮಣಿಕಟ್ಟಲ್ಲಿ ನಾಡಿ ಸಿಗಲ್ಲ, ಅಥವಾ ಹೇಳಿದ್ದು ಮಾಡಲ್ಲ ಅಂದರೆ ಕೆಂಪು, ಅವರನ್ನೇ ಮೊದಲು ನೋಡಿ. ಉಳಿದವರು ಹಳದಿ. ಶ್ವಾಸಮಾರ್ಗ ತೆರೆದರೂ ಉಸಿರಿಲ್ಲದಿದ್ದರೆ ಕಪ್ಪು. ಅಲ್ಲಿ ಸಿಪಿಆರ್‌ಗೆ ಕೂತರೆ ಉಳಿಯಬಹುದಾದ ಇನ್ನೊಬ್ಬರು ಹೋಗುತ್ತಾರೆ. ಮಾಡಲು ತುಂಬ ಕಷ್ಟದ ಕೆಲಸ, ಅದಕ್ಕೇ ಮುಂಚೆಯೇ ಅಭ್ಯಾಸ ಬೇಕು. ಸ್ಫೋಟದಲ್ಲಿ ಕಿವಿತಮಟೆ ಹರಿದವರಿಗೆ ಮಾತು ಕೇಳಿಸಲ್ಲ, ಕೈಸನ್ನೆ ಮಾಡಿ ನೋಡದೆ ಕೆಂಪು ಕಟ್ಟಬೇಡಿ.

ಐಸಿಯು_ಮಂಡ್ಯ:
ಒಂದೆರಡು ಸೇರಿಸುತ್ತೇನೆ. ರಕ್ತಸ್ರಾವ ತಗ್ಗಿಸುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಐವಿಯಲ್ಲಿ 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ 8 ಗಂಟೆಯಲ್ಲಿ ಇನ್ನೊಂದು ಗ್ರಾಂ. ಗಾಯವಾಗಿ 3 ಗಂಟೆ ದಾಟಿದ್ದರೆ ಶುರು ಮಾಡಬೇಡಿ, ಕೇಡೇ ಜಾಸ್ತಿ. ಸಲೈನ್ ಸುರಿಯಬೇಡಿ, ರಕ್ತ ತೆಳುವಾಗುತ್ತೆ, ಸ್ಫೋಟದ ಒತ್ತಡಕ್ಕೆ ಜಜ್ಜಿದ ಶ್ವಾಸಕೋಶಕ್ಕೆ ನೀರು ತುಂಬುತ್ತೆ. ಮೈಮೇಲೆ ಗಾಯವೇ ಇಲ್ಲದಿದ್ದರೂ ಉಸಿರುಗಟ್ಟುತ್ತಿದೆ, ಕೆಮ್ಮಿದರೆ ರಕ್ತ ಬರುತ್ತೆ ಅನ್ನುವವರನ್ನು ಮನೆಗೆ ಕಳಿಸಬೇಡಿ, ಎಕ್ಸ್‌ರೇ ತೆಗೆಸಿ. ಕೆಂಪು ಪಟ್ಟಿಯವರನ್ನು ಕೆ.ಆರ್. ಆಸ್ಪತ್ರೆಗೆ ಕಳಿಸುವುದಾದರೆ ಮೊದಲು ಫೋನ್ ಮಾಡಿ: ಎಷ್ಟು ಜನ, ಯಾವ ಗಾಯ, ಟೂರ್ನಿಕೆಟ್ ಕಟ್ಟಿದ್ದು ಎಷ್ಟು ಗಂಟೆಗೆ.