ಮದುವೆ ಗೌನ್ ವಿಮಾನದಲ್ಲಿ ಒಯ್ಯುವುದು ಹೇಗೆ?

ಪ್ರಶ್ನೆ:
ಮದುವೆ ಬೇರೆ ಊರಲ್ಲಿ, ವಿಮಾನದಲ್ಲಿ ಹೋಗಬೇಕು. ಎರಡು ಗೌನ್ ಇಷ್ಟ ಆಗಿವೆ, ಒಂದು ಸ್ಯಾಟಿನ್, ಇನ್ನೊಂದು ಲೇಸ್ ಇರುವ ಕ್ರೇಪ್ (ಹೊಳಪು ಕಡಿಮೆ, ಮೈ ಸ್ವಲ್ಪ ತರಿತರಿ ಇರುವ ಬಟ್ಟೆ). ಸ್ಯಾಟಿನ್ ಮೇಲೇ ಮನಸ್ಸು, ಆದರೆ ಸುಕ್ಕಾಗುತ್ತದೆ ಅಂತ ಭಯ. ಯಾವುದು ತಗೊಳ್ಳಲಿ?

ಉತ್ತರ 1:
ಪ್ರಯಾಣ ಇದ್ದರೆ ಕ್ರೇಪ್ ತಗೊಳ್ಳಿ. ಸ್ಯಾಟಿನ್ ಹೊಳೆಯುವ ಬಟ್ಟೆ ಅಲ್ವಾ, ಸಣ್ಣ ಮಡಿಕೆಯೂ ಬೆಳಕಿಗೆ ಎದ್ದು ಕಾಣುತ್ತದೆ. ಅಂಗಡಿಯಲ್ಲೇ ಒಳಗಿನ ಅಂಚನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಡಿದು ಬಿಡಿ, ಎಷ್ಟು ಸುಕ್ಕಾಗುತ್ತದೆ ಅಂತ ಗೊತ್ತಾಗುತ್ತದೆ. ಹಾಕಿಕೊಂಡು ಕೂತೂ ನೋಡಿ.

ಉತ್ತರ 2:
ಯಾವುದೇ ಆಗಲಿ, ಚೆಕ್-ಇನ್ ಲಗೇಜಿಗೆ ಮಾತ್ರ ಹಾಕಬೇಡಿ. ನನ್ನ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂತು, ಆ ಎರಡು ದಿನ ನಾನು ನಿದ್ದೆಯನ್ನೇ ಮಾಡಿಲ್ಲ. ಕೈಯಲ್ಲೇ ಇರಲಿ. ಹಲವು ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ 7 ಕೆಜಿ ಮಿತಿ ಇರುತ್ತದೆ, ಗೌನ್ ತೂಕ ಮೊದಲೇ ನೋಡಿಕೊಳ್ಳಿ. ನೇತುಹಾಕಲು ಜಾಗ ಇದೆಯಾ ಅಂತ ಮುಂಚೆಯೇ ಕೇಳಿ, ಆದರೆ ಅದನ್ನೇ ನಂಬಿ ಹೋಗಬೇಡಿ.

ಉತ್ತರ 3:
ಮಡಚಲೇಬೇಕಾದರೆ ಆಸಿಡ್ ಇಲ್ಲದ ಬಿಳಿ ಟಿಶ್ಯೂ ಪೇಪರ್ ತನ್ನಿ. ಬಣ್ಣದ್ದು ಬೇಡ, ಒದ್ದೆಯಾದರೆ ಬಣ್ಣ ಬಿಡುತ್ತದೆ. ಪೇಪರನ್ನು ಸುರುಳಿ ಮಾಡಿ ಪ್ರತಿ ಮಡಿಕೆಯ ಒಳಗೆ ಇಡಿ, ಎದೆಭಾಗ ಮತ್ತು ತೋಳಿನೊಳಗೂ ತುಂಬಿ. ಮಣಿ ಕೆಲಸ ಇದ್ದರೆ ಅದರ ಮೇಲೂ ಒಂದು ಹಾಳೆ, ಇಲ್ಲದಿದ್ದರೆ ಲೇಸಿಗೆ ಸಿಕ್ಕಿ ಎಳೆ ಕಿತ್ತುಬರುತ್ತದೆ. ತಲುಪಿದ ಕೂಡಲೇ ನೇತುಹಾಕಿ. ರೇಷ್ಮೆ ಆದರೆ ಸ್ಟೀಮರ್ (ಹಬೆಯಿಂದ ಸುಕ್ಕು ತೆಗೆಯುವ ಸಾಧನ) ಹತ್ತಿರ ಹಿಡಿಯಬೇಡಿ, ನೀರಿನ ಹನಿ ಬಿದ್ದರೆ ಕಲೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಮುಷ್ಟಿ ಪರೀಕ್ಷೆ ಮಾಡಿದೆ. ಸ್ಯಾಟಿನ್ ಸೋತಿತು, ಕ್ರೇಪ್ ತಗೊಂಡೆ! ಎಲ್ಲರಿಗೂ ತುಂಬಾ ಥ್ಯಾಂಕ್ಸ್.