ಅಪ್‌ಡೇಟ್: ಹಳೇ ಸ್ಪ್ಲೆಂಡರ್‌ಗೆ 90/90-18 ಸಾಕು, 100 ಬ್ಯಾಡ

ಹಳೇ ಹೀರೋ ಹೋಂಡಾ ಸ್ಪ್ಲೆಂಡರ್‌ನ ಹಿಂದಿನ ಗಾಲಿಗೆ 100/90-18 (ಅಗಲ 100 ಎಂಎಂ, ಎತ್ತರ ಅದರ ಶೇ. 90, ರಿಮ್ 18 ಇಂಚು) ಸ್ಪೋರ್ಟಿ ಟಯರ್ ಕೂಡತದೇನು ಅಂತ ಕೇಳಿದ್ದೆ. 90/90-18 ಹಾಕಿಸೀನಿ, ಛಲೋ ಕೂತದ.

ಮದಲ ರಿಮ್ ನೋಡ್ರಿ, ಎಷ್ಟು ಅಗಲದ ಟಯರ್ ಕೂಡತದ ಅನ್ನೂದು ಅದರ ಅಗಲದ ಮ್ಯಾಲೇ ನಿಂತಿರತದ. 90ರ ಟಯರಿಗೆ ಕಮ್ಮೀ ಅಂದ್ರ 1.85 ಇಂಚು ಅಗಲದ ರಿಮ್ ಬೇಕು, 100ಕ್ಕ 2.15. 1.60 ಇದ್ರ ರಿಮ್ ಬದಲಿಸ್ರಿ, ಇಲ್ಲಾಂದ್ರ 80/100-18ಕ್ಕ ನಿಂದರ್ರಿ. ಸಣ್ಣ ರಿಮ್ಮಿನಾಗ ದಪ್ಪ ಟಯರ್ ಹಿಚುಕಿ ನಡು ಉಬ್ಬತದ. ರೋಡ್ ಹಿಡಿಯೋ ಜಾಗಾನ ಕಮ್ಮಿ ಆಗತದ. ದುಡ್ಡು ಕೊಟ್ಟು ಗ್ರಿಪ್ ಕಳಕೊಂಡಂಗ.

80/100ಕ್ಕಿಂತ 90/90ರ ಎತ್ತರ ಬರೇ 1 ಎಂಎಂ ಹೆಚ್ಚು, ಅಗಲ ಒಂದೊಂದು ಬಾಜೂ 5 ಎಂಎಂ. ತಾಗೂದು ಚೈನ್ ಕವರಿನ ಒಳಬದಿಗೇ. ಹಳೇ ಕವರ್ ಒಳಗ ನೆಗ್ಗಿರತದ, ಬಿಚ್ಚಿ ಬಡದು ನೆಟ್ಟಗ ಮಾಡಿಸ್ರಿ. ಆಮ್ಯಾಲೆ ಬ್ರೇಕ್ ಪ್ಲೇಟಿನ ರಾಡ್ ನೋಡ್ರಿ. ಚೈನ್ ಬಿಗಿ ಮಾಡಿ, ಎರಡೂ ಕಡೆ ಚೈನ್ ಅಡ್ಜಸ್ಟರಿನ ಗುರ್ತು ಸಮಾ ಇಟ್ಟು, ಆಮ್ಯಾಗ ಸಂದಿ ಅಳೀರಿ; ಹೊಸಾ ಚೈನ್ ಹಾಕಿದ್ರ ಗಾಲಿ ಮುಂದ ಸರೀತದ.

ನವಲಗುಂದ ಕಡೆ ಎರಿಮಣ್ಣಿನ ಹಾದ್ಯಾಗ ಅಡ್ಡಾಡೋರು ಮಡ್‌ಗಾರ್ಡ್ ಸಂದಿ ಇನ್ನೂ ಜಾಸ್ತಿ ಇಟ್ಕೋರಿ. ಹಸಿ ಮಣ್ಣು ತುಂಬಿದ್ರ ಗಾಲಿ ತಿರಗೂದೇ ಇಲ್ಲ. ಟಯರಿನ ಬಾಣ ಗಾಲಿ ಉಳ್ಳೋ ದಿಕ್ಕಿಗೇ ಇರಲಿ, ಟ್ಯೂಬೂ ಅದೇ ಸೈಜಿಂದು.