ಊಟ ಮಾಡಿದ್ದು ಮರೆಯುವ ಅಪ್ಪ, ಎಳೆ ಮಾತ್ರ ಮರೆತಿಲ್ಲ. ಯಾಕೆ?

ಶಿಡ್ಲಘಟ್ಟದವಳು:
ಅಪ್ಪನಿಗೆ 76 ವರ್ಷ. ಬದುಕೆಲ್ಲ ರೇಷ್ಮೆ ನೂಲು ಬಿಚ್ಚಿದವರು. ಈಗ ಮರೆವು ಜಾಸ್ತಿ. ಉಂಡು ಕೈ ತೊಳೆದು ಬಂದು, "ಏನಮ್ಮಾ, ಮುದ್ದೆ ಇನ್ನೂ ಆಗಿಲ್ವಾ?" ಎನ್ನುತ್ತಾರೆ. ಮೊನ್ನೆ ಪಕ್ಕದ ಮನೆಯವರ ನೂಲು ಬಿಚ್ಚುವ ಚರಕದ ಮುಂದೆ ಸುಮ್ನೆ ಹೋಗಿ ಕೂತರು. ಕುದಿನೀರಿನಲ್ಲಿ ಬೆಂದ ರೇಷ್ಮೆಗೂಡಿನಲ್ಲಿ ಎಳೆಯ ತುದಿ ಹಿಡಿದರು, ಹರಿದ ಕಡೆ ಇನ್ನೊಂದು ಗೂಡಿನ ಎಳೆ ಸೇರಿಸಿದರು. ಒಂದೂ ತಪ್ಪಿಲ್ಲ! ಮನೆಗೆ ಬಂದ ಮೇಲೆ ಕೇಳಿದರೆ, "ನಾನೆಲ್ಲಿ ಹೋಗಿದ್ದೆ?" ಅಂದರು. ನೆನಪು ಅನ್ನುವುದು ಒಂದೇ ಆದರೆ ಅರ್ಧ ಹೋಗಿ ಅರ್ಧ ಉಳಿಯುವುದು ಹೇಗೆ?

ತುಮಕೂರು ಮೇಷ್ಟ್ರು (ನಿವೃತ್ತ):
ನೆನಪು ಒಂದೇ ಅಲ್ಲಮ್ಮ. ಗಿಲ್ಬರ್ಟ್ ರೈಲ್ ಎಂಬ ತತ್ವಜ್ಞಾನಿ 1949ರಲ್ಲೇ ಹೇಳಿದ್ದರು: ಒಂದು ವಿಷಯ ಗೊತ್ತಿರುವುದು ಬೇರೆ, ಒಂದು ಕೆಲಸ ಮಾಡಲು ಬರುವುದು ಬೇರೆ. ಮಿದುಳು ನೋಡಿ ಹೇಳಿದ್ದಲ್ಲ, ಯೋಚಿಸಿ ಹೇಳಿದ್ದು. ಮಿದುಳಿನ ಕಡೆಯಿಂದ ಸಾಕ್ಷಿ ಸಿಕ್ಕಿದ್ದು ಹೆನ್ರಿ ಮೊಲೈಸನ್ ಎಂಬ ಅಮೆರಿಕದವನಿಂದ. 1953ರಲ್ಲಿ ಮೂರ್ಛೆರೋಗಕ್ಕೆಂದು ಅವನ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ (ಹೊಸ ನೆನಪು ಕಟ್ಟಲು ಬೇಕಾದ ಭಾಗ) ಬಹುಭಾಗ ತೆಗೆದರು. ಆಮೇಲೆ ನಡೆದದ್ದು ಹೆಚ್ಚೂಕಡಿಮೆ ಯಾವುದೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯಲು ಕೊಟ್ಟಾಗ, ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ಮಾಡಿದ್ದು ಮಾತ್ರ ನೆನಪಿರಲಿಲ್ಲ! ಕೈಯ ಕಲಿಕೆ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಕಿರುಮಿದುಳುಗಳನ್ನು ಹೆಚ್ಚು ನೆಚ್ಚಿಕೊಂಡಿದೆ. 1972ರಲ್ಲಿ ಟುಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞ ನೆನಪುಗಳ ನಡುವೆ ಇನ್ನೊಂದು ಗೆರೆ ಎಳೆದರು. 'ಶಿಡ್ಲಘಟ್ಟ ರೇಷ್ಮೆಗೆ ಹೆಸರುವಾಸಿ' ಅನ್ನುವ ತಿಳಿವಳಿಕೆ ಒಂದು ಬಗೆ, 'ನಿನ್ನೆ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆ' ಅನ್ನುವ ಸ್ವಂತ ಅನುಭವದ ನೆನಪು ಇನ್ನೊಂದು.

ಕೋಲಾರದ ಹುಡುಗ:
ಮೇಷ್ಟ್ರೇ, ಇದಕ್ಕೆ ಈ ಜಾಗ, ಅದಕ್ಕೆ ಆ ಜಾಗ ಅಂತ ಸೈಟು ಹಂಚಿದ ಹಾಗೆ ಹಂಚಬಾರದು ಅಲ್ವಾ? ಹಿಂದೆ ಗಾಲ್ ಎಂಬ ಜರ್ಮನ್ ವೈದ್ಯ ಹಾಗೇ ಮನಸ್ಸನ್ನು 27 ಶಕ್ತಿಗಳಾಗಿ ಒಡೆದು, ತಲೆಬುರುಡೆಯ ಉಬ್ಬು ತಡವಿ ಗುಣ ಹೇಳಲು ಹೊರಟಿದ್ದ. ಎಳೆ ಹುಡುಕಲು ಕಣ್ಣು ಬೇಕು, ಗಮನ ಬೇಕು, ಬೆರಳಿನ ಸ್ಪರ್ಶ ಬೇಕು. ಮಿದುಳಿನ ಎಷ್ಟೋ ಭಾಗ ಒಟ್ಟಿಗೆ ದುಡಿಯುತ್ತದೆ. ನಮ್ಮ ವೇದಾಂತಿಗಳು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದದ್ದು ಕೆಲಸ ನೋಡಿ. ಜಾಗ ಕೇಳಲಿಲ್ಲ, ಜಾಣರು.
ಅಕ್ಕಾ, ಕುದಿನೀರಿನ ಹತ್ತಿರ ಅವರನ್ನು ಒಬ್ಬರೇ ಬಿಡಬೇಡಿ. ಕೈಗೆ ಕೆಲಸ ಗೊತ್ತಿದ್ದರೂ ಎಚ್ಚರ ತಪ್ಪಬಹುದು.

ಶಿಡ್ಲಘಟ್ಟದವಳು:
ನೀರಿನ ಮಾತು ನಿಜ ತಮ್ಮಾ. ಇವತ್ತು ಪಕ್ಕದಲ್ಲೇ ಕೂತಿದ್ದೆ. ತುದಿ ಹೇಗೆ ಸಿಗುತ್ತದೆ ಅಪ್ಪಾ ಅಂದೆ. ಹೇಳಲು ಬರಲಿಲ್ಲ. ನನ್ನ ಕೈ ಹಿಡಿದು ತೋರಿಸಿದರು. ನನಗೆ ಮೂರು ಸಲ ಹರಿಯಿತು.